ಕುಂಬಳಕಾಯಿ ಎಲ್ಲಿಡಬೇಕು?

ಬೆಳಗ್ಗೆ ಆರೂವರೆ. ನವೆಂಬರಿನ ಮಂಜು ಕೊಯ್ದ ರಾಗಿ ಹೊಲಗಳ ಮೇಲೆ ಇನ್ನೂ ಕೂತಿದೆ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ದಾರಿ ಬಿಟ್ಟು ಮಣ್ಣಿನ ರಸ್ತೆಗೆ ಇಳಿದಿದ್ದೀರಿ. ಎಡಕ್ಕೆ ಹಿಪ್ಪುನೇರಳೆ ತೋಟ, ಬಲಕ್ಕೆ ದ್ರಾಕ್ಷಿ ಚಪ್ಪರ, ಅದರಾಚೆ ಲೇಔಟಿಗೆಂದು ಕಲ್ಲು ನೆಟ್ಟ ಬಯಲು. ಉತ್ತರಕ್ಕೆ ನಂದಿಬೆಟ್ಟ ಇರಬೇಕು, ಮಂಜಿನಲ್ಲಿ ಕಾಣುವುದಿಲ್ಲ. ತಲೆಯ ಮೇಲೆ ವಿಮಾನವೊಂದು ಚಕ್ರ ಬಿಚ್ಚಿಕೊಂಡು ಇಳಿಯುತ್ತಿದೆ. ರಸ್ತೆಯಲ್ಲಿ ಮಲಗಿದ ನಾಯಿ ಕಣ್ಣೂ ಬಿಡುವುದಿಲ್ಲ. 2008ರ ಮೇ ತಿಂಗಳಲ್ಲಿ ನಿಲ್ದಾಣ ಶುರುವಾದ ಮೇಲೆ ಈ ಸದ್ದಿನಲ್ಲೇ ಹುಟ್ಟಿದ ನಾಯಿ ಅದು.

ಊರಿನ ಹೆಸರು ಕೇಳಬೇಡಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ನಾಲ್ಕೂ ತಾಲ್ಲೂಕಿನ ಸಣ್ಣ ಕ್ರೈಸ್ತ ಸಭೆಗಳನ್ನು ಸೇರಿಸಿ ಕಟ್ಟಿದ ಊರು ಇದು; ಇಲ್ಲಿ ಸಿಗುವ ಜನರೂ ಹಾಗೆಯೇ. ಸುಗ್ಗಿಹಬ್ಬದ ಭಾನುವಾರ ಈ ಸಭೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ: ಹಂಚಿನ ಮಾಡು, ಸುಣ್ಣದ ಗೋಡೆ, ಮುಂದೆ ಒಂದು ಹೊಂಗೆಮರ, ಹಿಂದೆ ಅಡುಗೆಯ ಶೆಡ್ಡು, ಶೆಡ್ಡಿನಿಂದ ಆಗಲೇ ಏಳುತ್ತಿರುವ ಹೊಗೆ.

ಗಂಟೆ ಹೊಡೆಯುವ ಮುದುಕರಿಗೆ ಒಂದು ಕಣ್ಣು ಪೂರ್ತಿ ಮಂಜು. ಹಗ್ಗ ಮಾತ್ರ ಕೈಗೆ ಗೊತ್ತು. ಮೊದಲ ಗಂಟೆ ಆರೂವರೆಗೆ, ಎರಡನೆಯದು ಎಂಟೂವರೆಗೆ, ಮೂರನೆಯದು ಸಭಾಪಾಲಕರಾದ ಅಯ್ಯನವರು ಒಳಗೆ ಕಾಲಿಡುವಾಗ. ಮೂರಕ್ಕೂ ಬೇರೆ ಬೇರೆ ಲಯ. ಊರಿನ ಬೇರೆ ಜಾತಿ ಧರ್ಮದವರೂ ಈ ಗಂಟೆ ಕೇಳಿ ಹಾಲು ಕರೆಯಲು ಏಳುತ್ತಾರೆ. ಮುದುಕರಿಗೆ ಸಂಬಳವಿಲ್ಲ, ಕಮಿಟಿಯಲ್ಲಿ ಜಾಗವಿಲ್ಲ. ಅವರು ಜ್ವರ ಬಂದು ಮಲಗಿದ ವಾರ ಬೇರೊಬ್ಬರು ಹೊಡೆದ ಗಂಟೆ ಕೇಳಿ, ಯಾರೋ ತೀರಿಕೊಂಡಿದ್ದಾರೆ ಎಂದು ಅರ್ಧ ಊರು ಓಡಿ ಬಂದಿತ್ತಂತೆ.

ಒಳಗೆ ಜಗಳ ಶುರುವಾಗಿದೆ.

ಜಗಳ ಕುಂಬಳಕಾಯಿಯದು. ಸ್ತ್ರೀಯರ ಅನ್ಯೋನ್ಯ ಕೂಟದ ಹೆಂಗಸರು ನಿನ್ನೆ ರಾತ್ರಿಯಿಂದ ವೇದಿಕೆ ಸಿಂಗರಿಸುತ್ತಿದ್ದಾರೆ. ಎರಡೂ ಕಂಬಕ್ಕೆ ಕಬ್ಬು, ಪ್ರಸಂಗಪೀಠಕ್ಕೆ ರಾಗಿ ತೆನೆಯ ಸಿವುಡು, ಕಟಕಟೆಯ ಉದ್ದಕ್ಕೂ ಚೆಂಡುಹೂವು. ಮೆಟ್ಟಿಲ ಮೇಲೆ ಹೊಸ ಅವರೆಕಾಯಿ, ದೇವನಹಳ್ಳಿಯ ಚಕೋತ, ಬೆಂಗಳೂರು ನೀಲಿ ದ್ರಾಕ್ಷಿಯ ಬುಟ್ಟಿ. ಈ ಚಕೋತಕ್ಕೂ ದ್ರಾಕ್ಷಿಗೂ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ. ವಿಮಾನ ನಿಲ್ದಾಣದ ಸುತ್ತ ಚಕೋತದ ಮರಗಳು ಬೆರಳೆಣಿಕೆಗೆ ಇಳಿಯುತ್ತಿರುವ ಹೊತ್ತಿನಲ್ಲಿ ಸಿಕ್ಕ ಗೌರವ. ಇಷ್ಟರ ಮಧ್ಯೆ ಹತ್ತು ಕೆಜಿಗೂ ಹೆಚ್ಚಿನ ಕುಂಬಳಕಾಯಿಯೊಂದು ಬಂದು ಕೂತಿದೆ. ತಂದವಳು ಊರಾಚೆಯ ಒಂಟಿ ಹೆಂಗಸು. ಮನೆಯ ಹಿಂದಿನ ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಬಳ್ಳಿಯದಂತೆ.

"ಇದನ್ನ ಕೆಳಗಿಡಿ, ದ್ರಾಕ್ಷಿ ಕಾಣಲ್ಲ."

"ಯಾಕೆ ಕೆಳಗೆ? ಅದು ದೇವರಿಗೆ ತಂದಿದ್ದಲ್ವ?"

"ದೇವರಿಗೆ ಕಾಣ್ತದೆ ಬಿಡಿ. ಫೋಟೋದಲ್ಲಿ ದ್ರಾಕ್ಷಿ ಕಾಣಬೇಕು."

ಕುಂಬಳಕಾಯಿ ಮೇಲೇರುತ್ತದೆ, ಇಳಿಯುತ್ತದೆ, ಮೂಲೆಗೆ ಹೋಗುತ್ತದೆ, ಮತ್ತೆ ಬರುತ್ತದೆ. ತಂದವಳು ಮಾತಾಡದೆ ಕೊನೆಯ ಬೆಂಚಿನಲ್ಲಿ ಕೂತು ನೋಡುತ್ತಿದ್ದಾಳೆ. ನೀವು ಏನಾದರೂ ಹೇಳಬೇಕೆಂದುಕೊಂಡು ಸುಮ್ಮನಾಗುತ್ತೀರಿ; ಹೊಸಬರ ಮಾತಿಗೆ ಇಲ್ಲಿ ಕಾಫಿ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಹೊರಗೆ ಬಾಗಿಲ ಮುಂದೆ ಇನ್ನೊಂದು ತಕರಾರು ಬಾಯಿ ಬಿಡದೆ ನಡೆದಿದೆ. ಪಿಯುಸಿ ಓದುವ ಹುಡುಗಿಯೊಬ್ಬಳು ಸಗಣಿ ಸಾರಿಸಿದ ನೆಲದ ಮೇಲೆ ರಂಗೋಲಿ ಬಿಡಿಸುತ್ತಿದ್ದಾಳೆ: ದ್ರಾಕ್ಷಿಬಳ್ಳಿ, ಒಂದೊಂದು ಕೊಂಬೆಗೂ ಒಂದೊಂದು ಬಣ್ಣ. ಹಿರಿಯರೊಬ್ಬರು ಅದನ್ನು ತುಳಿಯದೆ, ಹೊಗಳದೆ, ಪಕ್ಕದಿಂದ ಸುತ್ತಿ ಒಳಗೆ ಹೋಗುತ್ತಾರೆ. ನಮ್ಮ ಮನೆ ಮುಂದೆ ಹಾಕುವುದು ಬಿಟ್ಟಿದ್ದೇವೆ, ದೇವಾಲಯದ ಮುಂದೆ ಯಾಕೆ ಎಂಬುದು ಅವರ ಮೌನ. ಚುಕ್ಕಿ ತಪ್ಪದ ಹಾಗೆ ಎಳೆಯುವುದರಲ್ಲಿ ಅವಳ ಗಮನ. ಈ ಸಭೆಯಲ್ಲಿ ಹಾಡುವವರಿಗೆ ಜಾಗವಿದೆ, ಓದುವವರಿಗಿದೆ, ಬಿಡಿಸುವ ಕೈಗೆ ಎಲ್ಲಿದೆ ಜಾಗ? ವರ್ಷಕ್ಕೊಮ್ಮೆ ಸಂಡೇ ಸ್ಕೂಲಿನ ಚಾರ್ಟು ಬರೆಯಲು ಕರೆಯುತ್ತಾರೆ, ಅಷ್ಟೆ.

ಇದೇ ಪ್ರಶ್ನೆಗೆ ಪಡುವಣ ಬದಿಯಲ್ಲಿ, ಹೆಸರಘಟ್ಟ ರಸ್ತೆಯ ಸಿಲ್ವೆಪುರದಲ್ಲಿ, ಒಂದು ಉತ್ತರ ಬೆಳೆದಿತ್ತು. ಸಿಲ್ವೆಪುರ ಈಗ ಬೆಂಗಳೂರು ಉತ್ತರದ ಲೆಕ್ಕಕ್ಕೆ ಸೇರಿದೆ. ಹಿಂದೆ ನೆಲಮಂಗಲ ತಾಲ್ಲೂಕಿನದು. 1876–78ರ ಧಾತು–ಈಶ್ವರ ಬರದಲ್ಲಿ ಮೈಸೂರು ಸೀಮೆ ಹೇಗೆ ಬರಿದಾಯಿತು ಎಂಬುದಕ್ಕೆ ಎರಡು ಅಂಕಿ ಸಾಕು: 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷ ಜನ, 1881ರಲ್ಲಿ 41.9 ಲಕ್ಷ. ಆ ಬರದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಸಾಕಿ, ಬೇಸಾಯಕ್ಕೆ ಭೂಮಿ ಮಾಡಿಕೊಟ್ಟು ಫ್ರೆಂಚ್ ಕಥೋಲಿಕ ಪಾದ್ರಿಗಳು ಎಬ್ಬಿಸಿದ ಹಳ್ಳಿ ಇದು. ಕನಕಪುರದ ಕಡೆಯ ಮರಿಯಾಪುರದ್ದೂ ಇದೇ ಕಥೆ. ಊರಿನ ಮೊದಲ ತಲೆಮಾರಿಗೆ ಅಪ್ಪ ಅಮ್ಮನ ಊರು ಯಾವುದೆಂಬ ನೆನಪು ಗಟ್ಟಿಯಾಗಿ ಇದ್ದಿರಲಾರದು. ಯಾರ್ಯಾರದೋ ಮಕ್ಕಳು ಸೇರಿ ಒಂದು ಊರಾದರು.

ಸುಮಾರು ನೂರು ವರ್ಷದ ಮೇಲೆ, 1970ರ ದಶಕದಲ್ಲಿ, ಆ ಊರಿಗೆ ಚಿತ್ರಕಾರ ಜ್ಯೋತಿ ಸಾಹಿ ಬಂದು ನೆಲೆಸಿದರು. 1944ರಲ್ಲಿ ಪುಣೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಕಲೆ ಕಲಿತವರು. ಅವರ ಪತ್ನಿ ಜೇನ್ ಸಾಹಿ ಕ್ವೇಕರ್ ಪಂಥದವರು, ಅಂದರೆ ಪಾದ್ರಿಯೂ ವೇದಿಕೆಯೂ ಇಲ್ಲದೆ ಮೌನವಾಗಿ ಕೂತು ಆರಾಧಿಸುವ ಜನ. ಜೇನ್ ಹಳ್ಳಿಯ ಮಕ್ಕಳಿಗಾಗಿ ಸೀತಾ ಶಾಲೆ ನಡೆಸಿದರು. ಜ್ಯೋತಿ ಕಲಾ ಆಶ್ರಮ ಮಾಡಿದರು. ಕಥೋಲಿಕ ಹಳ್ಳಿಯ ನಡುವೆ ಕ್ವೇಕರ್ ಟೀಚರು! ಸಾಹಿಯವರ 'ದಲಿತ ಮಡೋನಾ' ಚಿತ್ರವನ್ನು ಒಮ್ಮೆ ನೋಡಿ. ತಾಯಿಯ ಆಕಾರ ಅವರಿಗೆ ಸಿಕ್ಕಿದ್ದು ನಮ್ಮ ಅಡುಗೆಮನೆಯ ಒರಳಿನಲ್ಲಿ: ಒರಳು ತಾಯಿ, ಅದರೊಳಗಿನ ಗುಂಡು ಮಗು. ನಮ್ಮ ಸಭೆಗಳ ಗೋಡೆಗೆ ಮಾತ್ರ ಇನ್ನೂ ಹೊಂಬಣ್ಣದ ಕೂದಲಿನ ಯೇಸುವಿನ ಕ್ಯಾಲೆಂಡರೇ ಬೇಕು. ಇತ್ತ ರಂಗೋಲಿಯ ಹುಡುಗಿ ಬಳ್ಳಿಗೆ ಕೊನೆಯ ಎಲೆ ಹಾಕಿ ಏಳುತ್ತಾಳೆ. ಕೈಯೆಲ್ಲ ನೇರಳೆ.

ಒಂಬತ್ತಕ್ಕೆ ಮೂರನೆಯ ಗಂಟೆ. ಒಳಗೆ ಬನ್ನಿ, ಚಪ್ಪಲಿ ಹೊರಗೆ. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಗಂಡ ಹೆಂಡತಿ ಒಟ್ಟಿಗೆ ಕೂರುವ ಹೊಸ ಜೋಡಿಗಳು ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳಿಗೆ. ಎಡಗೋಡೆಯ ಬಳಿ ಹಾರ್ಮೋನಿಯಂ ಹಿಡಿದ ನಿವೃತ್ತ ಮೇಷ್ಟ್ರು, ಬಲಗೋಡೆಯ ಬಳಿ ಕೀಬೋರ್ಡ್ ಹಿಡಿದ ಹುಡುಗ. ಹುಡುಗ ಏರ್‌ಪೋರ್ಟಿನ ಕಾರ್ಗೋದಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಾನೆ. ಕುತ್ತಿಗೆಯ ಗುರುತಿನ ಚೀಟಿ ತೆಗೆಯುವುದೂ ಮರೆತಿದೆ. ಮೇಷ್ಟ್ರಿಗೆ ರಾಗ ಗೊತ್ತು, ಹುಡುಗನಿಗೆ ಕಾರ್ಡ್ ಗೊತ್ತು. ಮೊದಲ ಕೀರ್ತನೆಯಲ್ಲಿ ಮೇಷ್ಟ್ರು ಮೋಹನದ ಕಡೆ ಎಳೆದರೆ ಹುಡುಗ ತನ್ನ ತಾಳದ ಬಟನ್ ಒತ್ತಿ ಮುಂದೆ ಓಡುತ್ತಾನೆ. ಸಭೆ ಎರಡರ ನಡುವೆ ತನ್ನದೇ ವೇಗದಲ್ಲಿ ನಡೆಯುತ್ತದೆ. ಮುಂದಿನ ಸಾಲಿನ ಒಬ್ಬ ಅಜ್ಜಿಯ ದನಿ ಎಲ್ಲರಿಗಿಂತ ಎತ್ತರ, ಶ್ರುತಿಗೆ ತುಸು ಆಚೆ; ಸಾಲು ಮರೆತವರೆಲ್ಲ ಅವಳ ಬಾಯಿ ನೋಡುತ್ತಾರೆ. ಪುಸ್ತಕವಿಲ್ಲದೆ ಇಡೀ ಸಂಗೀತ ಪುಸ್ತಕ ಅವಳಿಗೆ ಬಾಯಿಪಾಠ. ಓದಲು ಬಾರದು.

ಈ ಆರಾಧನೆಯ ಕ್ರಮವೇ ಒಂದು ಜೋಡಣೆ. ಮಂಡಿಯೂರುವುದು, ಬರೆದಿಟ್ಟ ಪ್ರಾರ್ಥನೆ ಓದುವುದು, ಮೇಲೊಬ್ಬ ಬಿಷಪ್ಪು: ಇದು ಆಂಗ್ಲಿಕನ್ನರ ಕಡೆಯಿಂದ. ಗಂಟಲು ಬಿಚ್ಚಿ ಹಾಡುವುದು ಮೆಥೊಡಿಸ್ಟರ ಕಡೆಯಿಂದ. ಸಭೆಯೇ ಕೂತು ಲೆಕ್ಕ ಕೇಳಿ, ಕೈಯೆತ್ತಿ ತೀರ್ಮಾನಿಸುವುದು ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಕಡೆಯಿಂದ. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಒಗ್ಗೂಡುವ ಮಾತುಕತೆ ಮುಗಿಯಲು 28 ವರ್ಷ ಹಿಡಿಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಇಂಡಿಯಾ ಸಭೆ ಹುಟ್ಟಿತು. 1820ರಿಂದ ಬೆಂಗಳೂರಿನಲ್ಲಿ ಬೇರೂರಿದ್ದ ಲಂಡನ್ ಮಿಷನ್ನಿನವರೂ, ಅವರ ಬೆನ್ನಿಗೇ ಬಂದ ವೆಸ್ಲಿಯನ್ನರೂ ಮೈಸೂರು ಸೀಮೆಯಲ್ಲಿ ಅಂದಿನಿಂದ ಒಂದೇ ಸಭೆಯವರು. ಯಾರೂ ತಮ್ಮದನ್ನು ಪೂರ್ತಿ ಬಿಟ್ಟುಕೊಡಲಿಲ್ಲ ಅನ್ನುವುದೇ ಆ ಒಪ್ಪಂದದ ಜಾಣತನ. ಆರಾಧನೆ ಎರಡೂವರೆ ಗಂಟೆ ಹಿಡಿಯುವುದಕ್ಕೂ ಬಹುಶಃ ಅದೇ ಕಾರಣ.

ಓದುವಿಕೆಗೆ ಎದ್ದವಳು ನಲವತ್ತರ ಹೆಂಗಸು. ದೊಡ್ಡಬಳ್ಳಾಪುರದ ಪವರ್‌ಲೂಮಿನಲ್ಲಿ ಕೆಲಸ; ಬೆರಳಿನ ಸಂದಿಯಲ್ಲಿ ರೇಷ್ಮೆ ಎಳೆ ಕೊಯ್ದ ಗೆರೆಗಳು. ಮಗ್ಗದ ಸದ್ದಿನಲ್ಲಿ ಕೂಗಿ ಮಾತಾಡಿ ರೂಢಿಯಾದವಳಿಗೆ ಮೈಕ್ ಬೇಡ. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರಿಕೆ, ಹನ್ನೆರಡನೆಯ ಅಧ್ಯಾಯ. ವರಗಳು ಬೇರೆ, ಕೊಡುವ ಆತ್ಮ ಒಂದೇ ಎಂಬ ಭಾಗ. ಕಣ್ಣು ಕೈಗೆ ನೀನು ಬೇಡ ಅನ್ನಲಾಗದು ಎಂಬ ಭಾಗ. ಉದ್ದ ಪದ ಬಂದಾಗ ಅವಳು ನಿಲ್ಲುತ್ತಾಳೆ, ಬೆರಳಿಟ್ಟು ಬಿಡಿಸುತ್ತಾಳೆ, ಮುಂದೆ ಹೋಗುತ್ತಾಳೆ. ಸಭೆ ಕಾಯುತ್ತದೆ.

ಅಯ್ಯನವರು ಪ್ರಸಂಗಕ್ಕೆ ನಿಲ್ಲುತ್ತಾರೆ. ಈ ಊರಿಗೆ ವರ್ಗವಾಗಿ ಬಂದು ಹೆಚ್ಚು ದಿನವಾಗಿಲ್ಲ. ಮಾತಿನಲ್ಲಿ ಇನ್ನೂ ಉತ್ತರ ಕರ್ನಾಟಕದ ಕಸುವಿದೆ. ಕೊರಿಂಥದ ಚಿತ್ರ ಚೆನ್ನಾಗಿ ಕೊಡುತ್ತಾರೆ. ಎರಡು ಬಂದರುಗಳ ನಡುವಿನ ವ್ಯಾಪಾರದ ಪಟ್ಟಣ. ಒಮ್ಮೆ ಹಾಳಾಗಿ, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಮತ್ತೆ ಎಬ್ಬಿಸಿದ್ದು. ಬಿಡುಗಡೆಯಾದ ಗುಲಾಮರು, ವರ್ತಕರು, ಹಡಗಿನ ಕೂಲಿಗಳು, ಎಲ್ಲರೂ ಹೊರಗಿನಿಂದ ಬಂದವರೇ. "ನಮ್ಮ ದೇವನಹಳ್ಳಿ ಇದ್ದಂಗ ಅಂತ ತಿಳ್ಕೊಳ್ರಿ" ಎನ್ನುತ್ತಾರೆ. ಸಭೆ ನಗುತ್ತದೆ. ಪೌಲ ಈ ಮಾತು ಬರೆದದ್ದು ಅಲ್ಲಿ ಒಗ್ಗಟ್ಟಿತ್ತೆಂದಲ್ಲ, ಯಾರ ವರ ದೊಡ್ಡದೆಂದು ಕಿತ್ತಾಟವಿತ್ತೆಂದು ಎಂಬುದನ್ನೂ ಹೇಳುತ್ತಾರೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇನ್ನೂ ಇಪ್ಪತ್ತು ನಿಮಿಷ ನಡೆಯಿತು. ಈ ಅಧ್ಯಾಯದ ಮೇಲೆ ಪ್ರಸಂಗ ಮಾಡುವುದು ಯಾವಾಗಲೂ ಬಾಯಿಯೇ. ಕಾಲು ಪ್ರಸಂಗ ಮಾಡಿದ್ದನ್ನು ನೀವೂ ಕೇಳಿರಲಿಕ್ಕಿಲ್ಲ.

ಅದೇ ಅಧ್ಯಾಯದ ಕೊನೆಗೆ ಪೌಲ ಒಂದು ಪಟ್ಟಿ ಕೊಡುತ್ತಾನೆ. ಅದ್ಭುತ, ಸ್ವಸ್ಥತೆ, ಭಾಷೆಗಳ ನಡುವೆ ಸದ್ದಿಲ್ಲದೆ ಎರಡು ವರಗಳಿವೆ: ಇನ್ನೊಬ್ಬರಿಗೆ ಒದಗುವುದು, ಕೆಲಸವನ್ನು ನಡೆಸಿಕೊಂಡು ಹೋಗುವುದು. ಪ್ರಸಂಗದಲ್ಲಿ ಇವೆರಡೂ ಬರಲಿಲ್ಲ. ಅಡುಗೆಯ ಶೆಡ್ಡಿನಲ್ಲಿ ಸೌಟು ಹಿಡಿದಿದ್ದವರಿಗೆ ಪ್ರಸಂಗವೂ ಕೇಳಿಸಲಿಲ್ಲ.

ಬೇರೆಯವರಿಗೆ ಒದಗುವ ವರವನ್ನು ಸಭೆಯೇ ಗುರುತಿಸದ ಕಥೆಗಳು ನಮ್ಮಲ್ಲಿ ಬೇಕಷ್ಟಿವೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ನಿಘಂಟಿಗಾಗಿ ಇಂದು ಕಿಟೆಲ್ಲರನ್ನು ಕನ್ನಡವೆಲ್ಲ ನೆನೆಯುತ್ತದೆ. ಆರಂಭದ ವರ್ಷಗಳಲ್ಲಿ ಅವರಿಗೂ ಮಿಷನ್ನಿನ ಹಿರಿಯರಿಗೂ ಹೊಂದಿಕೆ ಅಷ್ಟಕ್ಕಷ್ಟೆ. ಊರೂರಿಗೆ ಹೋಗಿ ಸುವಾರ್ತೆ ಸಾರುವುದು ಬಿಟ್ಟು ಷಟ್ಪದಿ, ಛಂದಸ್ಸು ಎಂದು ಕೂರುವವನನ್ನು ಯಾವ ಸಾಲಿಗೆ ಸೇರಿಸುವುದು? ಉತ್ತಂಗಿ ಚನ್ನಪ್ಪನವರೂ ಸಭಾಪಾಲಕರು. ಅವರು ಹಳ್ಳಿ ತಿರುಗಿ, ಓಲೆಗರಿ ತಿದ್ದಿ, 1924ರಲ್ಲಿ ತಂದದ್ದು ಸರ್ವಜ್ಞನ ವಚನಗಳನ್ನು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡ ನಾಡು ಅವರನ್ನು ಅಧ್ಯಕ್ಷರಾಗಿ ಕೂರಿಸಿತು. ಇಂದಿನ ಸಂಡೇ ಸ್ಕೂಲಿನ ಮಕ್ಕಳಿಗೆ ದಾವೀದ ಗೊತ್ತು, ಉತ್ತಂಗಿ ಗೊತ್ತಿಲ್ಲ. ಹೆಂಗಸರ ಮಾತಂತೂ ಕೇಳಲೇಬೇಡಿ. ಇದೇ ದಕ್ಷಿಣ ಇಂಡಿಯಾ ಸಭೆಯಲ್ಲಿ ಹೆಣ್ಣಿಗೆ ಸಭಾಪಾಲಕಿಯ ದೀಕ್ಷೆ ಸಿಕ್ಕಿದ್ದು 1976ರಲ್ಲಿ, ಮೊದಲ ಮಹಿಳಾ ಬಿಷಪ್ ಆಗಿ ನಂದ್ಯಾಲಕ್ಕೆ ಪುಷ್ಪಲಲಿತಾ ಬಂದದ್ದು 2013ರಲ್ಲಿ. ಆತ್ಮ ವರ ಹಂಚಿದ್ದು ಯಾವಾಗಲೋ. ಕಮಿಟಿಗೆ ಕಾಗದ ತಲುಪಲು ಹೊತ್ತಾಯಿತು.

ಕಾಣಿಕೆ, ರೊಟ್ಟಿ ಮತ್ತು ದ್ರಾಕ್ಷಾರಸ, ಆಶೀರ್ವಾದ. ಹನ್ನೊಂದೂವರೆ. ಈಗ ಹೊಂಗೆಮರದ ಕೆಳಗೆ ಬೆಂಚು ಎಳೆಯಿರಿ. ಎಲ್ಲರೂ ಕಾಯುತ್ತಿದ್ದದ್ದು ಇದಕ್ಕೆ.

ಹರಾಜು ಕೂಗುವವನು ನೆಲಮಂಗಲದ ಲಾರಿ ಆಫೀಸೊಂದರಲ್ಲಿ ಬುಕಿಂಗ್ ಕ್ಲರ್ಕು. ಆರಾಧನೆಯಲ್ಲಿ ಕೊನೆಯ ಸಾಲಿನಲ್ಲಿ ಕೂತು ಮೊಬೈಲ್ ನೋಡುವವನು, ಉಪವಾಸ ಪ್ರಾರ್ಥನೆಗೆ ಬಾರದವನು, ಹಿರಿಯರ ಲೆಕ್ಕದಲ್ಲಿ ಅಷ್ಟೇನೂ ಭಕ್ತನಲ್ಲ. ಬೆಂಚಿನ ಮೇಲೆ ನಿಂತನೆಂದರೆ ಇಡೀ ಸಭೆ ಅವನ ಕೈಯಲ್ಲಿ. ಯಾರ ಹತ್ತಿರ ಎಷ್ಟಿದೆ, ಯಾರು ಯಾರ ಮೇಲೆ ಹಟಕ್ಕೆ ಕೂಗುತ್ತಾರೆ, ಯಾರಿಗೆ ಸಾಲವಿದೆ, ಯಾರನ್ನು ಒತ್ತಾಯಿಸಬಾರದು, ಎಲ್ಲ ಗೊತ್ತು.

"ನಾಟಿ ಕೋಳಿ! ಹೊಸಕೋಟೆಗೆ ಹೋಗಿದ್ರೆ ಬೆಳಗ್ಗೆ ನಾಲ್ಕಕ್ಕೇ ಬಿರಿಯಾನಿ ಆಗಿರೋದು. ದೇವರ ದಯೆ, ಇಲ್ಲಿ ನಿಂತಿದೆ. ನಾನೂರು! ನಾನೂರು ಒಂದ್ಸಾರಿ..."

ಕೋಳಿ ಒಂಬೈನೂರಕ್ಕೆ ಹೋಗುತ್ತದೆ. ರಾಗಿ ಮೂಟೆಯನ್ನು ಕೊಂಡವರು ರಾಗಿ ಬೆಳೆಯುವವರೇ. ತಮ್ಮದನ್ನು ಮನೆಯಲ್ಲಿ ಬಿಟ್ಟು ಪಕ್ಕದವನದನ್ನು ಹೆಚ್ಚು ಬೆಲೆಗೆ ಹೊತ್ತುಕೊಂಡು ಹೋಗುತ್ತಾರೆ. ಮಗ್ಗದ ಹೆಂಗಸು ತಂದ ಸೀರೆಯನ್ನು ದ್ರಾಕ್ಷಿ ತೋಟದವರು ಕೂಗುತ್ತಾರೆ, ದ್ರಾಕ್ಷಿ ಬುಟ್ಟಿ ಮಗ್ಗದವರ ಮನೆಗೆ. ಒಂದು ತೆಂಗಿನಕಾಯಿ ಇದೆ; ಕೊಂಡವರು ದುಡ್ಡು ಕೊಟ್ಟು ಮತ್ತೆ ಸಭೆಗೇ ಕೊಡುತ್ತಾರೆ, ಮತ್ತೆ ಹರಾಜು. ಐದಾರು ಸಲ ಕೈ ಬದಲಾದರೂ ಕಾಯಿ ಬೆಂಚಿನ ಮೇಲೇ ಇದೆ. ಮಗುವೊಂದು ಮೊಟ್ಟೆಗೆ ಹತ್ತು ರೂಪಾಯಿ ಎಂದು ಕೂಗಿದಾಗ ಹರಾಜಿನವನು ಸುತ್ತ ಒಮ್ಮೆ ಕಣ್ಣು ಬಿಟ್ಟು ನೋಡುತ್ತಾನೆ, ಯಾವ ದೊಡ್ಡವರೂ ಬಾಯಿ ತೆರೆಯುವುದಿಲ್ಲ. ಮೊಟ್ಟೆ ಮಗುವಿಗೆ.

ಕುಂಬಳಕಾಯಿ ಬೆಂಚಿಗೆ ಬಂದಾಗ ದ್ರಾಕ್ಷಿ ಕಾಣುವುದಿಲ್ಲ ಎಂದಿದ್ದ ಅಕ್ಕನವರೇ ಮೊದಲು ಕೂಗಿದ್ದು. ಅವರ ಎದುರು ಕೂಗಿದವರು ಕುಂಬಳಕಾಯಿ ಮೇಲಿರಬೇಕು ಎಂದಿದ್ದವರು. ಜಗಳ ಈಗ ರೂಪಾಯಿಯ ಲೆಕ್ಕದಲ್ಲಿ ಮುಂದುವರಿಯುತ್ತದೆ, ಎಲ್ಲರಿಗೂ ಖುಷಿ. ಕೊನೆಗೆ ಹೋಳು ಮಾಡಿ ಇಬ್ಬರೂ ಒಯ್ಯಲು ತೀರ್ಮಾನ. ತಂದವಳು ಬೀಜ ಮಾತ್ರ ತನಗೆ ಬೇಕೆನ್ನುತ್ತಾಳೆ.

ಪಕ್ಕದಲ್ಲೇ ಒಂದು ಮೇಜು. ನಿವೃತ್ತ ನರ್ಸಮ್ಮ ರಕ್ತದೊತ್ತಡ ನೋಡುತ್ತಿದ್ದಾರೆ. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ ಕಟ್ಟಿದ ಆಸ್ಪತ್ರೆಯಲ್ಲಿ ತರಬೇತಿಯಾದವರು. ಈ ಸುತ್ತಿನ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಮೊದಲ ಸಂಬಳ ತಂದದ್ದು ಬಿಳಿ ಸೀರೆಯ ಹೆಣ್ಣುಮಕ್ಕಳು. ಹರಾಜಿನಲ್ಲಿ ದನಿ ಏರಿಸಿದವರನ್ನೆಲ್ಲ ನರ್ಸಮ್ಮ ಕರೆದು ಕೂರಿಸುತ್ತಾರೆ. "ಉಪ್ಪಿನಕಾಯಿ ಬಾಟ್ಲು ನೀವು ಕೂಗ್ಬೇಡಿ, ನಿಮ್ಮ ಬಿಪಿ ನಂಗೊತ್ತು."

ಊಟ. ಜಮಖಾನ ಹಾಸಿ ಉದ್ದಕ್ಕೆ ಪಂಕ್ತಿ. ಮುತ್ತುಗದ ಎಲೆಯ ಮೇಲೆ ಪಲಾವು, ಕೋಳಿ ಸಾರು, ಅವರೆಕಾಳಿನ ಗೊಜ್ಜು. ಕೊರಿಂಥದವರಿಗೆ ಪೌಲ ಸಿಟ್ಟಾದದ್ದು ಊಟದ ವಿಷಯಕ್ಕೂ ಹೌದು. ಹಿಂದಿನ ಅಧ್ಯಾಯ ನೋಡಿ. ಉಳ್ಳವರು ಮುಂಚೆ ಬಂದು ಉಂಡು ಕುಡಿದರೆ, ದುಡಿದು ತಡವಾಗಿ ಬಂದವರಿಗೆ ಹಸಿವೇ ಗತಿ. ನಮ್ಮಲ್ಲಿ ಪಂಕ್ತಿಭೇದ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಈ ಭಾಗದ ಹಳ್ಳಿಗಳಲ್ಲಿ ಸಭೆಗೆ ಬಂದವರಲ್ಲಿ ಬಹಳಷ್ಟು ದಲಿತ ಕುಟುಂಬಗಳು. ಊರ ಬಾವಿಗೆ ಹಗ್ಗ ಇಳಿಸಲು ಆಗದಿದ್ದವರಿಗೆ ಮಿಷನ್ ಶಾಲೆಯ ಬೆಂಚು ದೊಡ್ಡ ಸಂಗತಿಯಾಗಿತ್ತು. ಹಾಗೆಂದು ಜಾತಿ ಗೇಟಿನಾಚೆ ಉಳಿಯಲಿಲ್ಲ. ಹೆಣ್ಣು ಕೊಡುವಾಗ, ಕಮಿಟಿಗೆ ಓಟು ಹಾಕುವಾಗ, ಸಮಾಧಿಯ ಜಾಗ ಕೇಳುವಾಗ ಅದು ಎದ್ದು ಕೂರುತ್ತದೆ. ಇತ್ತ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದವನು ಪರಿಶಿಷ್ಟ ಜಾತಿಯವನಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಆ ಬಾಗಿಲು ತೆರೆಯಿತು, ಇವರಿಗೆ ಇಲ್ಲ. ಜಾತಿಯ ಪೆಟ್ಟು ಉಂಟು, ಪ್ರಮಾಣಪತ್ರ ಇಲ್ಲ. ಒಂದು ಶರೀರ ಎಂದು ಸಲೀಸಾಗಿ ಪ್ರಸಂಗ ಮಾಡುವವರು ಈ ನೋವು ಯಾವ ಅಂಗದ್ದೆಂದೂ ಹೇಳಬೇಕು.

ಇವತ್ತಂತೂ ಸಾಲಿನಲ್ಲಿ ಯಾರ ಪಕ್ಕ ಯಾರು ಎಂಬ ಲೆಕ್ಕವಿಲ್ಲ. ತೋಟದ ಯಜಮಾನರ ಪಕ್ಕ ಅವರ ತೋಟದಲ್ಲೇ ಕೂಲಿ ಮಾಡುವವರು, ಅವರ ಪಕ್ಕ ನೀವು, ನಿಮ್ಮ ಪಕ್ಕ ಹೆದರಿ ಹೆದರಿ ಕೂತಿರುವ ಮೂವರು ಹುಡುಗರು. ಜಾರ್ಖಂಡಿನವರು. ಏರ್‌ಪೋರ್ಟ್ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಇಬ್ಬರು ಸೆಕ್ಯುರಿಟಿ, ಒಬ್ಬ ಹೌಸ್‌ಕೀಪಿಂಗ್. ಮುಂಡಾ ಸಮುದಾಯದ ಕ್ರೈಸ್ತರು. ಶಿಲುಬೆ ಕಂಡು ಒಳಗೆ ಬಂದವರು ವಾರ ತಪ್ಪಿಸದೆ ಬರುತ್ತಿದ್ದಾರೆ. ಪ್ರಸಂಗದಲ್ಲಿ ಅವರಿಗೆ ಅರ್ಥವಾಗುವುದು 'ಯೇಸು', 'ಆಮೆನ್', ಈಗೀಗ 'ಊಟ'. ಆರಾಧನೆ ಮುಗಿದ ಮೇಲೆ ಯಾರೂ ಹೇಳದೆ ಕುರ್ಚಿ ಜೋಡಿಸಿ ಹೋಗುತ್ತಾರೆ. ಇಂದು ಬೆಳಗಿನಿಂದ ನೀರು ಹೊತ್ತವರೂ ಅವರೇ.

ಎಲೆ ತೆಗೆದ ಮೇಲೆ ಕಮಿಟಿ ಅಲ್ಲೇ ಕೂತು ದುಡ್ಡು ಎಣಿಸುತ್ತದೆ. ಖಜಾಂಚಿ ಹತ್ತರ ನೋಟುಗಳನ್ನು ಬೇರೆ ಕಟ್ಟುತ್ತಾರೆ; ಮಕ್ಕಳು ಕೊಟ್ಟದ್ದು ಎಷ್ಟೆಂದು ಅವರಿಗೆ ಪ್ರತಿವರ್ಷ ತಿಳಿಯಬೇಕು. ದುಡ್ಡು ಅಡುಗೆ ಶೆಡ್ಡಿನ ತಗಡಿಗೋ, ಸ್ಪೀಕರಿಗೋ? ಸ್ಪೀಕರ್ ಪಕ್ಷದಲ್ಲಿ ಮಾತಾಡುವವರು ಐದು ಮಂದಿ, ತಗಡಿನ ಪಕ್ಷದಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಂದ ಅಡುಗೆಯವರು ಇಬ್ಬರು. ಹರಾಜಿನ ಹುಮ್ಮಸ್ಸು ಇಳಿದು ಸಭೆ ತನ್ನ ಹಳೆಯ ಮೆಟ್ಟಿಲುಗಳಿಗೆ ಮರಳುತ್ತಿದೆ. ಹರಾಜಿನ ಗುಮಾಸ್ತ ಆಗಲೇ ಕೊನೆಯ ಸಾಲಿನಲ್ಲಿ ಮೊಬೈಲ್ ತೆಗೆದಿದ್ದಾನೆ. ಮಳೆ ಬಂದರೆ ಸಾರಿಗೆ ನೀರು ಬೀಳುತ್ತದೆ ಎಂದು ನರ್ಸಮ್ಮ ದೂರದಿಂದಲೇ ಹೇಳಿದ್ದರಿಂದ ತಗಡು ಗೆಲ್ಲುತ್ತದೆ.

ಮುಂದಿನ ವಿಷಯ ಕ್ರಿಸ್ಮಸ್ ಕಾರ್ಯಕ್ರಮ. ಕೀಬೋರ್ಡ್ ಹುಡುಗ ಗಂಟಲು ಸರಿಮಾಡಿಕೊಂಡು ಹೇಳುತ್ತಾನೆ: ಆ ಮೂವರ ಕೈಲಿ ಅವರ ಭಾಷೆಯ ಒಂದು ಹಾಡು ಹಾಡಿಸಬಾರದಾ?

ಮಾತು ನಿಲ್ಲುತ್ತದೆ. ಎಲ್ಲರ ಕಣ್ಣು ಹಾರ್ಮೋನಿಯಂ ಮೇಷ್ಟ್ರ ಮೇಲೆ. ಬೆಂಗಳೂರಿನ ಕಥೋಲಿಕ ಇಗರ್ಜಿಗಳಲ್ಲಿ ಕನ್ನಡ ಪೂಜೆಗೆ ಜಾಗ ಸಿಗಲೆಂದು ಕನ್ನಡ ಕ್ರೈಸ್ತರು ದಶಕಗಟ್ಟಲೆ ಜಗಳವಾಡಿದ್ದು, ಧರಣಿ ಕೂತದ್ದು ಎಲ್ಲರಿಗೂ ಗೊತ್ತು. ಎರಡನೆಯ ವ್ಯಾಟಿಕನ್ ಪರಿಷತ್ತು 1960ರ ದಶಕದಲ್ಲೇ ದೇಶಭಾಷೆಗಳಿಗೆ ಬಾಗಿಲು ತೆರೆದಿದ್ದರೂ, ಕನ್ನಡದ ನೆಲದಲ್ಲಿ ಯಾವುದು ದೇಶಭಾಷೆ ಎಂಬ ತಕರಾರು ಬಹುಕಾಲ ನಡೆಯಿತು. ಮೇಷ್ಟ್ರು ಆ ಸಭೆಯವರಲ್ಲ. ಆದರೂ ಆ ಹೋರಾಟದ ಕರಪತ್ರಗಳನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟವರು. ಕಂಗ್ಲಿಷ್ ಕೋರಸ್ ಹಾಡಿದ ಯುವಕರಿಗೆ ಬೆವರು ಇಳಿಸಿದವರು. ತಮಿಳು, ತೆಲುಗು, ಇಂಗ್ಲಿಷು ಮೂರರ ನಡುವೆ ಕನ್ನಡವನ್ನು ಒತ್ತಿ ಹಿಡಿದವರಿಗೆ ಇನ್ನೊಂದು ಭಾಷೆ ಎಂದರೆ ಮೈ ಬಿಗಿಯುವುದು ಸಹಜ. ಅದನ್ನು ಸಣ್ಣತನ ಎನ್ನಲು ನನಗೆ ಮನಸ್ಸಿಲ್ಲ.

ಮೇಷ್ಟ್ರು ಕನ್ನಡಕ ಒರೆಸುತ್ತಾರೆ. "ಹಾಡ್ಲಿ" ಎನ್ನುತ್ತಾರೆ. "ಅವರಷ್ಟೇ ಹಾಡಿ ನಾವು ಕೇಳೋದು ಬೇಡ. ನಾವೂ ಹಾಡಬೇಕು. ಕನ್ನಡ ಅಕ್ಷರದಲ್ಲಿ ಬರ್ಕೊಡ್ಲಿ."

ಹೌಸ್‌ಕೀಪಿಂಗ್ ಹುಡುಗನಿಗೆ ಹಿಂದಿಯಲ್ಲಿ ಹೇಳಬೇಕು. ಹಿಂದಿ ಬರುವುದು ಕಾರ್ಗೋ ಹುಡುಗನಿಗೆ, ಅರೆಬರೆ. ಅವನು ಹೇಳಿದ್ದನ್ನು ಕೇಳಿ ಆ ಹುಡುಗ ಕೆಂಪೇರಿ, ತಲೆ ಕೆಳಗೆ ಹಾಕಿ, ಮುಂಡಾರಿಯಲ್ಲಿ ಒಂದು ಸಾಲು ಹಾಡುತ್ತಾನೆ. ಮೇಷ್ಟ್ರ ಬೆರಳು ತಾನಾಗಿ ಹಾರ್ಮೋನಿಯಂ ಮೇಲೆ ಹೋಗುತ್ತದೆ. ಐದೇ ಸ್ವರ, ಮೋಹನಕ್ಕೆ ಹತ್ತಿರ. ರಂಗೋಲಿಯ ಹುಡುಗಿಗೆ ಬರೆಯುವ ಕೆಲಸ. ಅವಳ ಅಕ್ಷರ ದುಂಡು. ಒಂದು ಶಬ್ದದ ಕೊನೆಗೆ ಗಂಟಲಲ್ಲೇ ಕತ್ತರಿಸಿ ನಿಲ್ಲುವ ಸದ್ದಿದೆ. ಅದಕ್ಕೆ ಕನ್ನಡದಲ್ಲಿ ಏನು ಬರೆಯುವುದು?

"ವಿಸರ್ಗ ಹಾಕು."

"ಅರ್ಧ 'ಗ್' ಅಲ್ವಾ ಕೇಳ್ಸಿದ್ದು?"

"ಇನ್ನೊಂದ್ಸಲ ಹೇಳಪ್ಪ. ನಿಧಾನಕ್ಕೆ."

ಅಜ್ಜಿ ಮುಂದಕ್ಕೆ ಬಂದು ಕೂತು ಹುಡುಗನ ಬಾಯನ್ನೇ ನೋಡುತ್ತಾಳೆ, ಎರಡನೆಯ ಸಲಕ್ಕೆ ಆ ಸದ್ದನ್ನು ಇದ್ದ ಹಾಗೇ ತೆಗೆಯುತ್ತಾಳೆ. ಸೆಕ್ಯುರಿಟಿ ಹುಡುಗರಿಬ್ಬರೂ ಚಪ್ಪಾಳೆ ತಟ್ಟುತ್ತಾರೆ. ಬರೆಯುವವಳು ಇನ್ನೂ ವಿಸರ್ಗದಲ್ಲೇ ಸಿಕ್ಕಿಕೊಂಡಿದ್ದಾಳೆ. ಗೇಟಿನಲ್ಲಿ ಎರಡನೆಯ ಪಾಳಿಯ ಕ್ಯಾಬು ಹಾರ್ನ್ ಹೊಡೆಯುತ್ತದೆ, ಸೆಕ್ಯುರಿಟಿಯವರು ಟೋಪಿ ಹುಡುಕಿಕೊಂಡು ಓಡುತ್ತಾರೆ, ಉಳಿದ ಮೂರು ಚರಣ ಬುಧವಾರ ರಾತ್ರಿಗೆ, ನರ್ಸಮ್ಮನ ಮನೆಯಲ್ಲಿ.